ಕಾರಿನ ಕೋಡು

ಸತ್ತಿ ಎಂಬ ಹಳ್ಳಿಯ ಕೆಂಪವ್ವನ ಕಿವಿಯ ಬಗ್ಗೆ ಊರಲ್ಲಿ ಎರಡು ಮಾತಿರಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತವಳು ಹೊಳೆದಂಡೆಯ ಪಂಪಿನ ಸದ್ದು ಕೇಳಿ, "ಪಂಪ ಗಾಳಿ ಜಗ್ಗಾಕತ್ತೈತಿ, ಯಾರರ ಓಡ್ರಿ" ಎನ್ನುತ್ತಿದ್ದಳು. ಓಡಿ ಹೋಗಿ ನೋಡಿದರೆ ಪೈಪಿನ ಬಾಯಿ ನೀರಿನಿಂದ ಮೇಲೆ ಬಂದಿರುತ್ತಿತ್ತು. ಹಿತ್ತಲಲ್ಲಿ ಎಮ್ಮೆ ಕೆಮ್ಮಿದರೆ ಅದು ಹೊಟ್ಟಿನ ಧೂಳಿಗೋ ನೆಗಡಿಗೋ ಎಂದು ಕೂತಲ್ಲಿಂದಲೇ ತೀರ್ಪು ಕೊಡುತ್ತಿದ್ದಳು. ಇಂಥ ಕಿವಿಯುಳ್ಳ ಹೆಂಗಸಿನ ಮನೆಯ ಕಾರಿನಲ್ಲೇ ರೇಡಿಯೋ ಕರಕರ ಕೆರೆಯತೊಡಗಿದರೆ ಅವಳು ಸುಮ್ಮನಿರುವುದುಂಟೆ?

ಕಾರು ಬಂದದ್ದು ತೊಂಬತ್ಮೂರರಲ್ಲಿ, ದ್ರಾಕ್ಷಿ ಕೈತುಂಬ ಬಂದ ವರ್ಷ. ಅವಳ ಗಂಡ ಅಣ್ಣಾಸಾಬ ಕೊಲ್ಹಾಪುರಕ್ಕೆ ಹೋಗಿ, ಹಾಲಿನಂಥ ಬಿಳಿ ಕಾರನ್ನು ತಾನೇ ನಡೆಸಿಕೊಂಡು ಬಂದಿದ್ದ. ಅದರಲ್ಲಿ ಕಂಪನಿಯವರೇ ಕೂಡಿಸಿ ಕೊಟ್ಟ ಸ್ಟೀರಿಯೋ ಇತ್ತು. ಅಣ್ಣಾಸಾಬನಿಗೆ ಎಂಜಿನ್ನಿಗಿಂತ ಅದರ ಜಂಬವೇ ಹೆಚ್ಚು. ಬಂದವರನ್ನೆಲ್ಲ ಸೀಟಿನ ಮೇಲೆ ಕೂಡಿಸಿ, "ಇದು ಪ್ಯಾಟ್ಯಾಗ ಹಾಕಿಸಿದ್ದಲ್ರಿ, ಕಂಪನಿದು" ಎಂದು ಹೇಳಿ ಧಾರವಾಡ ಆಕಾಶವಾಣಿ ಹಚ್ಚಿ ಕೇಳಿಸುತ್ತಿದ್ದ. ಆ ಹುರುಪಿನಲ್ಲಿ ಮನೆಯ ಹಳೆಯ ರೇಡಿಯೋವನ್ನು ತೋಟ ಕಾಯುವ ಭರಮುವಿಗೆ ಕೊಟ್ಟುಬಿಟ್ಟ. ಭರಮು ಅದನ್ನು ಬಾವಿಯ ಕಟ್ಟೆಯ ಮೇಲಿಟ್ಟು ನಿದ್ದೆ ಹೋದ. ಎದ್ದಾಗ ರೇಡಿಯೋ ಬಾವಿಯೊಳಗಿತ್ತು.

ಮೊದಲ ಮಳೆಗಾಲದವರೆಗೆ ಕಾರಿನ ರೇಡಿಯೋ ಗಂಟೆ ಹೊಡೆದಂತೆ ಮಾತಾಡಿತು. ದೀಪಾವಳಿಯ ಹೊತ್ತಿಗೆ ಸಣ್ಣಗೆ ಕೆರೆಯತೊಡಗಿತು. ಬೇಸಿಗೆ ಬರುವಷ್ಟರಲ್ಲಿ ಧಾರವಾಡದವರು ಏನು ಹೇಳಿದರೂ ಹಂಚಿನಲ್ಲಿ ಜೋಳದ ಅರಳು ಹುರಿದಂತೆ ಕೇಳುತ್ತಿತ್ತು. ಎಂಜಿನ್ ಹಚ್ಚಿದರೆ ಅದರ ಮೇಲೆ ಇನ್ನೊಂದು ಟಿಕಿಟಿಕಿ. ಕೆಂಪವ್ವ ಹೇಳುತ್ತಲೇ ಇದ್ದಳು, ಅಣ್ಣಾಸಾಬ ಅದಕ್ಕೇನೂ ತಲೆ ಕೆಡಿಸಿಕೊಳ್ಳಲಿಲ್ಲ. ರೇಡಿಯೋ ಬಿಟ್ಟು ಕ್ಯಾಸೆಟ್ ಹಾಕತೊಡಗಿದ, ಜಂಬ ಹಾಗೆಯೇ ಉಳಿಯಿತು.

ಹೀಗಿರುವಾಗ ಒಂದು ಸೋಮವಾರ ಅಥಣಿ ತಾಲೂಕಿನ ಅನಂತಪುರದ ಕಂಬಳಿ ಮಾರುವ ಜಕ್ಕಪ್ಪ ಅಂಗಳಕ್ಕೆ ಬಂದ. ಕಂಬಳಿಯ ಗಂಟು ಇಳಿಸಿದ, ನೀರು ಕುಡಿದ, ಆಚೀಚೆ ನೋಡಿ ದನಿ ತಗ್ಗಿಸಿದ.

"ವೈನಿ, ನಿಮ್ಮ ತಂಗಿ ಲಕ್ಕವ್ವ ಒಂದ ಮಾತ ಹೇಳಿ ಕಳಿಸ್ಯಾಳ. ಬರೂ ಶುಕ್ಕರವಾರ ಸಂಜಿಕ ಧಾರವಾಡ ರೇಡಿಯೋದಾಗ ಅಕಿ ಹಾಡಿದ್ದು ಬರತೈತಿ. ಆ ಮಂದಿ ಹಟ್ಟಿಗೇ ಬಂದು ಟೇಪ ಮಾಡ್ಕೊಂಡ ಹೋಗಿದ್ರು. ಬೀಸೂ ಕಲ್ಲಿನ ಹಾಡಂತ."

ಕೆಂಪವ್ವನ ಕೈಯಲ್ಲಿದ್ದ ಮೊರ ನಿಂತಿತು. "ನನಗ ಹೇಳಂದಳ?"

"ನಿಮಗ ಹೇಳಂದಳ್ರಿ. ಅಕ್ಕಗ ಪೂರಾ ಕೇಳಂತ ಹೇಳು, ನಡುವ ಎದ್ದ ಹೋಗಬ್ಯಾಡಂತ ಹೇಳು, ಅಂದಳು."

ಜಕ್ಕಪ್ಪ ಹೋದ ಮೇಲೂ ಕೆಂಪವ್ವ ಮೊರ ಹಿಡಿದುಕೊಂಡೇ ನಿಂತಿದ್ದಳು. ಅಕ್ಕತಂಗಿಯರ ನಡುವೆ ಮಾತು ನಿಂತು ಮೂರು ವರ್ಷವಾಗಿತ್ತು.

ಇಬ್ಬರೂ ಒಂದೇ ಕುರಿಹಟ್ಟಿಯಲ್ಲಿ ಬೆಳೆದವರು. ಕೆಂಪವ್ವನನ್ನು ಸತ್ತಿಯ ಹೊಲಮನೆಯವರು ತಂದುಕೊಂಡರು, ಲಕ್ಕವ್ವ ಅನಂತಪುರದ ಕುರಿಯವರ ಮನೆ ಸೇರಿದಳು. ಒಬ್ಬಳ ಬಾಳು ದ್ರಾಕ್ಷಿಯ ಕಡೆ ಹೊರಳಿತು, ಇನ್ನೊಬ್ಬಳದು ಕುರಿಯ ಹಿಂದೆಯೇ ನಡೆಯಿತು. ಆದರೂ ಬೇಸಿಗೆಗೆ ಲಕ್ಕವ್ವನ ಹಿಂಡು ಹೊಳೆದಂಡೆಗೆ ಬಂದಾಗೆಲ್ಲ ಅಕ್ಕನ ಹಿತ್ತಲಲ್ಲೇ ಇಳಿಯುತ್ತಿತ್ತು. ಮಾತು ನಿಂತ ಆ ವರ್ಷ ಮಾತ್ರ ಒಂದಷ್ಟು ಕುರಿ ನಸುಕಿನಲ್ಲಿ ಬೇಲಿ ನುಗ್ಗಿ, ಆಗಷ್ಟೇ ಚಿಗುರಿದ್ದ ದ್ರಾಕ್ಷಿ ಬಳ್ಳಿಯನ್ನು ಬೋಳಿಸಿಬಿಟ್ಟವು. ಅಣ್ಣಾಸಾಬನಿಗೆ ಮೈಮೇಲೆ ಬಂದಂತಾಯಿತು. ಕುರಿಗಳನ್ನೆಲ್ಲ ಹೊಡೆದುಕೊಂಡು ಹೋಗಿ ಊರ ಕೊಂಡವಾಡದಲ್ಲಿ ಕೂಡಿಹಾಕಿದ. ಪರರ ಪಾಲಿನ ತುಡುಗು ದನ ಕೂಡುವ ಜಾಗದಲ್ಲಿ ಹೆಂಡತಿಯ ತಂಗಿಯ ಕುರಿ!

ಲಕ್ಕವ್ವ ಅಂಗಳಕ್ಕೆ ಬಂದು "ಅಕ್ಕಾ" ಎಂದು ಕರೆದಳು. ಕೆಂಪವ್ವ ಬಾಗಿಲ ಹಿಂದೆಯೇ ಇದ್ದಳು. ಹೊರಗೆ ಬಂದರೆ ಗಂಡನಿಗೆ ಎದುರಾಡಬೇಕು, ಇಲ್ಲ ತಂಗಿಯನ್ನು ಬೈಯಬೇಕು. ಎರಡೂ ಆಗದೆ ಅಗಳಿಯ ಮೇಲೆ ಕೈ ಇಟ್ಟು ನಿಂತೇ ಇದ್ದಳು. ತಂಗಿ ಸ್ವಲ್ಪ ಹೊತ್ತು ಕಾದು ಹೊರಟುಹೋದಳು. ಊರೆಲ್ಲದರ ಸದ್ದು ಗುರುತಿಸುವ ಆ ಕಿವಿಗೆ ಆವತ್ತಿನ "ಅಕ್ಕಾ" ಇನ್ನೂ ಕೇಳುತ್ತಲೇ ಇತ್ತು.

ಈಗ ಆ ತಂಗಿ ಹಾಡುತ್ತಾಳಂತೆ, ಅಕ್ಕ ಕೇಳಬೇಕಂತೆ. ಏನು ಹಾಡಿರಬಹುದು? ಅವರ ತವರಿನ ಹೆಂಗಸರು ಬೀಸುವಾಗ ಹೊಗಳುವುದನ್ನೂ ಅಲ್ಲೇ ಹೊಗಳುತ್ತಿದ್ದರು, ತೆಗಳುವುದನ್ನೂ ಅಲ್ಲೇ ತೆಗಳುತ್ತಿದ್ದರು. ಅವರ ಅತ್ತೆಯೊಬ್ಬಳು ಅಣ್ಣನ ಜಿಪುಣತನವನ್ನು ಕಲ್ಲಿನ ಮುಂದೆ ಹಾಡಿ, ಅವನು ಸಾಯುವವರೆಗೂ ಊರಲ್ಲಿ ತಲೆ ಎತ್ತದಂತೆ ಮಾಡಿದ್ದಳು. ಲಕ್ಕವ್ವ ಅದನ್ನು ಊರಿಗಲ್ಲ, ಇಡೀ ಕರ್ನಾಟಕಕ್ಕೆ ಕೇಳುವಂತೆ ಮಾಡಿದ್ದಾಳೋ? ಅಥವಾ ಕರೆದಿದ್ದಾಳೋ? ಬೈದಿದ್ದರೆ ಪೂರ್ತಿ ಬೈಗುಳ ಬೇಕು, ಕರೆದಿದ್ದರೆ ಪೂರ್ತಿ ಕರೆ ಬೇಕು. ಒಂದು ಅಕ್ಷರವೂ ಕರಕರದಲ್ಲಿ ಹೋಗಬಾರದು.

"ಮಗ್ಗಲ ಮನ್ಯಾಗ ರೇಡಿಯೋ ಐತಲ್ಲ, ಅಲ್ಲಿ ಹೋಗಿ ಕೇಳು" ಎಂದ ಅಣ್ಣಾಸಾಬ. "ಇಲ್ಲಾಂದ್ರ ಅಥಣಿಯಿಂದ ಒಂದ ಸಣ್ಣದು ತರತೀನಿ."

"ನನ್ನ ತಂಗಿ ನನಗ ಏನಂತಾಳ ಅನ್ನೂದನ್ನ ಹತ್ತ ಮಂದಿ ನಡುವ ಕುಂತ ಕೇಳಲಿ ಏನು? ಈ ಮನ್ಯಾಗ ಆಳು ಕಾಳು, ಹೋಗವ್ರು ಬರವ್ರು. ಕದಾ ಹಾಕ್ಕೊಂಡ ಕುಂಡ್ರಾಕ ಕಾರ ಒಂದ ಐತಿ. ನಾ ಅದರಾಗ ಕುಂತ ಕೇಳತೀನಿ. ಅದನ್ನ ನೆಟ್ಟಗ ಮಾಡಸ್ರಿ."

"ಆಗಲಿಲ್ಲಂದ್ರ?"

"ಆಗತೈತಿ. ಸದ್ದ ಐತಿ ಅಂದ ಮ್ಯಾಲ ಅದು ಹುಟ್ಟೂ ಜಾಗಾನೂ ಇರತೈತಿ. ಹುಡಕೂನು."

ಅವಳ ಮಾತಿನಲ್ಲಿ ಅನುಮಾನದ ಸುಳಿವಿರಲಿಲ್ಲ. ಅಣ್ಣಾಸಾಬ ಮರುದಿನವೇ ಅವಳನ್ನು ಕೂಡಿಸಿಕೊಂಡು ಅಥಣಿಗೆ ಹೊರಟ.

ಅಥಣಿಯ ಬಸ್‌ಸ್ಟ್ಯಾಂಡ್ ಎದುರಿಗೆ ಪಾರಿಸನ ರೇಡಿಯೋ ರಿಪೇರಿ ಅಂಗಡಿ. ಪಾರಿಸ ನಗುಮುಖದ ಜೈನರ ಹುಡುಗ ಎನ್ನೋಣವೆಂದರೆ ಅವನಿಗೆ ನಲವತ್ತು ದಾಟಿತ್ತು, ಆದರೂ ಅಥಣಿಯ ಮಂದಿಗೆ ಹುಡುಗನೇ. ಅವನು ಎಂಜಿನ್ ಹಚ್ಚಿಸಿ, ತಲೆ ಓರೆ ಮಾಡಿ ಕೇಳಿ, "ಪ್ಲಗ್ಗಿನ ಕಿಡಿ ರೇಡಿಯೋಕ್ಕ ಹೊಡಿಯಾಕತ್ತೈತ್ರಿ" ಎಂದ. ಪ್ಲಗ್ಗಿನ ವಾಯರು ಬದಲಿಸಿದ, ಒಂದು ಕಂಡೆನ್ಸರ್ ಕೂಡಿಸಿದ. ಟಿಕಿಟಿಕಿ ಅರ್ಧಕ್ಕರ್ಧ ಇಳಿಯಿತು. ಅರಳು ಹುರಿಯುವ ಸದ್ದು ಮಾತ್ರ ಹಾಗೆಯೇ ಇತ್ತು.

"ಇವು ಎರಡ ಸದ್ದು, ತಮ್ಮಾ" ಎಂದಳು ಕೆಂಪವ್ವ ಹಿಂದಿನ ಸೀಟಿನಿಂದ. "ಒಂದು ಎಂಜಿನ್ನಿಂದು. ಇನ್ನೊಂದು ಎಂಜಿನ್ ಬಂದ ಮಾಡಿದ್ರೂ ಇರತೈತಿ. ನೀ ಮೊದಲಿಂದಕ್ಕ ಔಷಧ ಕೊಟ್ಟಿ, ಎರಡನೇದು ಇನ್ನ ಉಳದೈತಿ."

ಪಾರಿಸ ಹುಬ್ಬೇರಿಸಿದ. ಎಂಜಿನ್ ಬಂದ್ ಮಾಡಿ ಕೇಳಿದ. "ಖರೇ ಐತ್ರಿ ವೈನಿ" ಎಂದು ಒಪ್ಪಿಕೊಂಡ.

ಬುಧವಾರ ಅಣ್ಣಾಸಾಬನಿಗೆ ನಿಪ್ಪಾಣಿಯಲ್ಲಿ ಕೆಲಸವಿತ್ತು. ಅಲ್ಲೊಬ್ಬ ಸ್ಟೀರಿಯೋ ಅಂಗಡಿಯವನು ಗುಂಡಿ ತಿರುವಿ ನೋಡಿದ್ದೇ ತಡ, ಮರಾಠಿಯಲ್ಲಿ ಸೆಟ್ ಸುಟ್ಟಿದೆ, ಹೊಸದು ಹಾಕಿಸಿ, ಹಳೆಯದು ನನಗೆ ಬಿಟ್ಟುಬಿಡಿ ಎಂದ. ಅಣ್ಣಾಸಾಬ ತಲೆಯಾಡಿಸುವುದರೊಳಗೆ ಕೆಂಪವ್ವ ಒಂದು ಕ್ಯಾಸೆಟ್ ತೂರಿಸಿದಳು. ಹಾಡು ಅಚ್ಚುಕಟ್ಟಾಗಿ ಬಂತು, ಒಂದು ಕಸವಿಲ್ಲ.

"ಸೆಟ್ ಸುಟ್ಟಿದ್ರ ಇದೂ ಕೆರೀಬೇಕಾಗಿತ್ತಲ್ಲ? ಇದು ಹಾಡತೈತಿ. ಅಂದ ಮ್ಯಾಲ ಸೆಟ್ಟಿನ ಗಂಟಲ ಚಲೋ ಐತಿ, ಕಿವಿ ಕೆಟ್ಟೈತಿ. ನಡೀರಿ" ಎಂದು ಗಂಡನನ್ನು ಎಬ್ಬಿಸಿಕೊಂಡು ಬಂದಳು. ಅಂಗಡಿಯವನಿಗೆ ಕನ್ನಡ ಎಷ್ಟು ತಿಳಿಯಿತೋ, ಅವಳ ಮುಖ ನೋಡಿಯೇ ಉಳಿದದ್ದು ತಿಳಿದುಕೊಂಡ.

ಗುರುವಾರ ಮಧ್ಯಾಹ್ನ ಇಳಿಹೊತ್ತಿಗೆ ಪಾರಿಸ ಸತ್ತಿಗೇ ಬಂದ. ಬಂದವನೇ ಒಂದು ಷರತ್ತು ಹಾಕಿದ. "ಹೊತ್ತ ಮುಳುಗೂದರೊಳಗ ನಾ ಊಟ ಮುಗಸಬೇಕ್ರಿ ವೈನಿ. ನಾಳಿ ಅಮಾಸಿ, ಅಂಗಡಿ ಪೂಜಾ, ಬರಾಕ ಆಗೂದಿಲ್ಲ. ಏನಿದ್ರೂ ಇವತ್ತ."

"ನಿನಗ ಉಳ್ಳಾಗಡ್ಡಿ ಇಲ್ಲದ್ದು ಬ್ಯಾರೆ ಮಾಡಿಟ್ಟೀನಿ. ಹೊಟ್ಟಿ ಚಿಂತಿ ಬಿಡು, ಕೈ ಹಚ್ಚು."

ಪಾರಿಸ ಸೆಟ್ಟನ್ನು ಹೊರಗೆಳೆದು, ಹಿಂದಿನಿಂದ ದಪ್ಪನೆಯ ವಾಯರೊಂದನ್ನು ಕಿತ್ತ. ತಟಕ್ಕನೆ ಕರಕರ ನಿಂತಿತು. ಧಾರವಾಡವೂ ನಿಂತಿತು. ವಾಯರು ಚುಚ್ಚಿದ, ಎರಡೂ ಬಂದವು.

"ಸದ್ದು ಏರಿಯಲ್ ವಾಯರಿನ ಹಾದಿಯಿಂದನ ಬರಾಕತ್ತೈತಿ" ಎಂದ. "ಏರಿಯಲ್ ಒಳಗ ಸತ್ತಿರಬೇಕು. ಕಂಪನಿ ಮಾಲು, ಕೊಲ್ಹಾಪುರಕ್ಕ ಹೇಳಿ ತರಿಸಿದ್ರ ಎಂಟ ದಿನಾ ಆಗತೈತಿ."

ನಾಳೆ ಸಂಜೆ ಹಾಡು. ಎಂಟು ದಿನ ಕಳೆದ ಮೇಲೆ ಏರಿಯಲ್ ಬಂದರೆ ಅದನ್ನು ಮಸಾಲೆ ಕಲಸಿ ಉಪ್ಪಿನಕಾಯಿ ಹಾಕಬೇಕೆ? ಕೆಂಪವ್ವ ಕಾರಿನ ಮುಂದಕ್ಕೆ ಬಂದು ಏರಿಯಲ್ ನೆಟ್ಟಿದ್ದ ಮಡ್‌ಗಾರ್ಡಿನ ಹತ್ತಿರ ನಿಂತಳು.

ಇಲ್ಲಿ ಅಣ್ಣಾಸಾಬನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ಎತ್ತಿನ ಮೇಲೆ ಜೀವ ಇಟ್ಟುಕೊಂಡ ಮನುಷ್ಯ. ಮೈಲ್ಯಾ ಎಂಬ ಎತ್ತು ಅವನ ಕೈಯಲ್ಲೇ ಕರುವಾಗಿ ಬೆಳೆದು, ಅವನ ಕೈಯಲ್ಲೇ ಮುದಿಯಾಗಿತ್ತು. ಪ್ರತಿ ಅಮಾವಾಸ್ಯೆಗೆ ಅದರ ಮೈ ತೊಳೆದು, ಕೋಡಿಗೆ ಎಣ್ಣೆ ಸವರಿ, ಕೋಡಿನ ಬುಡಕ್ಕೆ ಕುಂಕುಮ, ಭಂಡಾರದ ಅರಿಶಿನ ಹಚ್ಚಿ, ಉಣ್ಣೆಯ ಗೊಂಡೆ ಕಟ್ಟುತ್ತಿದ್ದ. ಆ ದಿನ ಅದಕ್ಕೆ ನೊಗ ಹೂಡುತ್ತಿರಲಿಲ್ಲ. ಮೈಲ್ಯಾ ಹೋದ ಮೇಲೆ ಮತ್ತೆ ಎತ್ತು ಕಟ್ಟಲು ಮನಸ್ಸಾಗಲಿಲ್ಲ. ಕಾರು ಬಂದದ್ದೇ, ಆ ಅಕ್ಕರೆಯೆಲ್ಲ ಅದರ ಮೇಲೆ ಇಳಿಯಿತು. ಕಾರಿಗೆ ಕೋಡೆಲ್ಲಿ? ಮುಂದೆ ಎದ್ದು ನಿಂತಿದ್ದ ಏರಿಯಲ್ಲೇ ಅವನ ಕಣ್ಣಿಗೆ ಕೋಡಾಯಿತು. ಅಮಾವಾಸ್ಯೆಗೊಮ್ಮೆ ಅದಕ್ಕೆ ಎಣ್ಣೆ, ಭಂಡಾರ, ಕುಂಕುಮ, ಗೊಂಡೆ. ತೆಂಗಿನಕಾಯಿಯನ್ನು ಗಾಲಿಯ ಮುಂದೆ ಒಡೆದರೂ ಅದರ ನೀರನ್ನು ತಂದು 'ಕೋಡಿನ ಬುಡಕ್ಕೇ' ಹೊಯ್ಯುತ್ತಿದ್ದ. ಆ ದಿನ ಕಾರು ಅಂಗಳ ಬಿಟ್ಟು ಕದಲುತ್ತಿರಲಿಲ್ಲ.

ಹೀಗಾಗಿ ಏರಿಯಲ್ಲಿನ ಬುಡ ಗೊಂಡೆಯ ಕೆಳಗೆ, ಭಂಡಾರದ ಕೆಳಗೆ ಮುಚ್ಚಿಹೋಗಿತ್ತು. ಪಾರಿಸ ಅದನ್ನು ದೇವರ ಜಾಗವೆಂದು ಎರಡು ಸಲವೂ ಮುಟ್ಟದೆ ಬಿಟ್ಟಿದ್ದ. ನಿಪ್ಪಾಣಿಯವನು ದೂರದಿಂದಲೇ ಕೈ ಮುಗಿದಿದ್ದ.

ಕೆಂಪವ್ವ ಗೊಂಡೆಯ ಮೇಲಿಂದಲೇ ಬುಡವನ್ನು ಹೆಬ್ಬೆರಳಿನಿಂದ ಒತ್ತಿದಳು. ಕಾರಿನೊಳಗಿನಿಂದ ಸ್ವಚ್ಛವಾದ ಗಂಡುದನಿಯೊಂದು ಕಬ್ಬಿನ ಗೊಬ್ಬರದ ಬಗ್ಗೆ ಒಂದು ವಾಕ್ಯ ಹೇಳಿತು. ಬೆರಳು ತೆಗೆದಳು, ಅರಳು ಹುರಿಯಿತು. ಮತ್ತೆ ಒತ್ತಿದಳು, ಗೊಬ್ಬರ. ಬಿಟ್ಟಳು, ಅರಳು.

"ಪಾರಿಸಾ! ಇಲ್ಲೇ ಐತಿ ಬಾ. ಇದರ ಬುಡದಾಗ ಐತಿ."

ಪಾರಿಸನೂ ಒತ್ತಿ ನೋಡಿ ತೊಡೆ ತಟ್ಟಿಕೊಂಡ. "ಅರ್ಥ್ ಬಿಟ್ಟೈತ್ರಿ! ಏರಿಯಲ್ ಬುಡ ಗಾಡಿ ತಗಡಿಗೆ ಗಟ್ಟಿ ಕುಂತಿರಬೇಕು, ಆಗ ಮಾತ್ರ ಹೊರಗಿನ ಕಸಾ ಒಳಗ ಬರೂದಿಲ್ಲ. ಇಲ್ಲಿ ತುಕ್ಕ ತಿಂದೈತಿ. ಬಿಚ್ಚಿ ಉಜ್ಜಿದ್ರ ಮುಗೀತು." ಅವನು ನಟ್ಟು ಬಿಚ್ಚುವ ಪಾನಾ ತೆಗೆದು ಗೊಂಡೆಗೆ ಕೈ ಹಾಕಿದ.

"ಏ, ಏ! ಕೈ ತಗಿ!" ಅಣ್ಣಾಸಾಬ ಕಟ್ಟೆಯಿಂದ ಹಾರಿ ಬಂದ. "ಅಮಾಸಿಗೆ ಕಟ್ಟಿದ ಗೊಂಡೆ ಅಮಾಸಿಗೇ ಬಿಚ್ಚೂದು. ನಾಳಿ ಪೂಜಾ ಹೊತ್ತಿಗೆ ನಾನ ಬಿಚ್ಚತೀನಿ. ಒಂದ ದಿನಾ ತಡಕೊಳ್ಳಾಕ ಆಗೂದಿಲ್ಲ ಏನು?"

"ನಾಳಿ ಇವ ಬರೂದಿಲ್ಲಂತ" ಎಂದಳು ಕೆಂಪವ್ವ.

"ಬರಲಿಲ್ಲಂದ್ರ ನಾಡದ. ಒಂದ ಹಾಡಿಗೆ ಕೋಡಿಗೆ ಕೈ ಹಚ್ಚತೀರಿ ಏನು? ಗಾಡಿಗೆ ಏನರ ಆದ್ರ?"

ಪಾರಿಸ ಪಾನಾ ಹಿಡಿದುಕೊಂಡು ಆಕಾಶ ನೋಡಿದ. ಹೊತ್ತು ಬೇವಿನಮರದ ತುದಿಗೆ ಇಳಿದಿತ್ತು. ಕೆಂಪವ್ವನಿಗೆ ಕೂಗಾಡಬೇಕೆನಿಸಿತು. ಆದರೆ ಕೂಗಾಡಿದರೆ ಈ ಮನುಷ್ಯ ಗೂಟದಂತೆ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತಾನೆ ಎಂಬುದು ಇಪ್ಪತ್ತು ವರ್ಷದ ಸಂಸಾರದಲ್ಲಿ ತಿಳಿದಿತ್ತು. ಅವಳು ಗಂಡನ ಹತ್ತಿರ ಬಂದು, ಮೆಲ್ಲಗೆ, ಮೈದಡವಿದಂತೆ ಕೇಳಿದಳು.

"ಮೈಲ್ಯಾನ ಕೋಡಿನ ಬುಡದಾಗ ಹುಳಾ ಬಿದ್ದಿತ್ತಲ್ಲ ಒಮ್ಮೆ. ನೆನಪೈತಿ?"

"ಐತಿ. ಯಾಕ?"

"ಆವತ್ತ ಅಮಾಸಿ ಬರಲಿ ಅಂತ ಕಾದಿದ್ರೇನು?"

ಅಣ್ಣಾಸಾಬ ಕಾದಿರಲಿಲ್ಲ. ಗೊಂಡೆಯನ್ನು ಕತ್ತರಿಸಿ ಎಸೆದು, ಬೆಳಕು ಹರಿಯುವವರೆಗೆ ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಹುಳ ಆರಿಸಿದ್ದ. ಅವನು ಮಡ್‌ಗಾರ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ತನ್ನ ಕೈಯಾರೆ ಗೊಂಡೆಯ ಗಂಟು ಬಿಚ್ಚಿದ.

ಪಾರಿಸ ನಟ್ಟು ಸಡಿಲಿಸಿ ಏರಿಯಲ್ಲನ್ನು ಮೇಲೆತ್ತಿದಾಗ ಮೂವರೂ ಬಗ್ಗಿ ನೋಡಿದರು. ತಗಡಿನ ತೂತಿನ ಸುತ್ತ ಹಸಿರು, ಕೆಂಪು, ಕಂದು ಬಣ್ಣದ ಒಂದು ಗಟ್ಟಿ ಹಕ್ಕಳೆ. ತೆಂಗಿನ ನೀರು ಕುಡಿದು ಕಬ್ಬಿಣ ಪದರ ಪದರವಾಗಿ ಎದ್ದಿತ್ತು. ನಡುವೆ ಭಂಡಾರ, ಎಣ್ಣೆಯ ಜಿಡ್ಡು, ಎರಡು ಅಕ್ಷತೆಕಾಳು.

"ಸಾವಕಾರ್ರ, ವರ್ಷ ಒಪ್ಪತ್ತಿನ ಪೂಜಾ ಪೂರಾ ಇಲ್ಲೇ ಕುಂತೈತಿ" ಎಂದ ಪಾರಿಸ.

ಅಣ್ಣಾಸಾಬನ ಮುಖ ಸಣ್ಣದಾಯಿತು. "ನಾನ ಮಾಡಿದ್ದು" ಎಂದ. ಕೆಂಪವ್ವನಿಗೆ ಅಯ್ಯೋ ಎನಿಸಿತು. ಪ್ರೀತಿಯಿಂದ ಹೊಯ್ದ ನೀರಿಗೆ ಬೈಯುವುದು ಹೇಗೆ? "ಪ್ರೀತಿ ಹೆಚ್ಚಾತು, ಅಷ್ಟ" ಎಂದು ಪಾಲಿಶ್ ಪೇಪರಿನ ತುಂಡೊಂದನ್ನು ಅವನ ಕೈಗಿಟ್ಟಳು. "ಉಜ್ಜರಿ."

ಅಣ್ಣಾಸಾಬ ಉಜ್ಜಿದ. ತಗಡು ಹೊಸ ತಟ್ಟೆಯಂತೆ ಹೊಳೆಯುವವರೆಗೆ, ಪಾರಿಸ ಸಾಕು ಸಾಕು ಎಂದರೂ ಬಿಡದೆ ಉಜ್ಜಿದ. ಪಾರಿಸ ಹಲ್ಲುಳ್ಳ ಹೊಸ ವಾಶರ್ ಹಾಕಿ, ನಟ್ಟು ಬಿಗಿದು, ಬುಡಕ್ಕೆ ಸುತ್ತಲೂ ಗ್ರೀಸ್ ಮೆತ್ತಿದ. ಕೆಂಪವ್ವ ಒಳಗೆ ಕೂತು ಗುಂಡಿ ತಿರುವಿದಳು. ಧಾರವಾಡ ಬಂತು. ಎಂಜಿನ್ ಹಚ್ಚಿಸಿ ಕೇಳಿದಳು. ಅರಳಿಲ್ಲ, ಟಿಕಿಟಿಕಿಯೂ ಇಲ್ಲ. ಹೇಳುವವನು ಉಸಿರು ಎಳೆದುಕೊಂಡದ್ದೂ ಕೇಳಿತು.

"ನಾ ಹೇಳಲಿಲ್ಲ?" ಎಂದಳು. ಪಾರಿಸ ಹೊತ್ತು ಮುಳುಗುವ ಮೊದಲೇ ಎಲೆಯ ಮುಂದೆ ಕೂತಿದ್ದ.

ಶುಕ್ರವಾರ ಸಂಜೆ. ತೊಳೆದ ಕಾರು ಅಂಗಳದಲ್ಲಿ ನಿಂತಿತ್ತು. ಅಣ್ಣಾಸಾಬ ಮಡಿಯುಟ್ಟು, ತಟ್ಟೆಯಲ್ಲಿ ಕಾಯಿ, ಕರ್ಪೂರ, ಹೊಸ ಗೊಂಡೆ ಇಟ್ಟುಕೊಂಡು ಬಂದ. ಕೆಂಪವ್ವ ಹಿಂದಿನ ಬಾಗಿಲು ತೆರೆದು ಕೂತಾಗಿತ್ತು.

"ಮೊದಲ ಹಾಡು, ಆಮ್ಯಾಲ ಪೂಜಾ" ಎಂದಳು.

"ಅಮಾಸಿ ದಿನಾ ಗಾಡಿಗೆ ಚಾವಿ ಹಾಕಬಾರದು."

"ಚಾವಿ ಹಾಕೂದಂದ್ರ ಹೂಡಿದಂಗಲ್ಲ. ಎತ್ತಿನ ಕೊಳ್ಳಾಗಿನ ಗಂಟಿ ಅಮಾಸಿ ದಿನಾನೂ ಬಾರಸತಿರಲಿಲ್ಲ ಏನು?"

ಅಣ್ಣಾಸಾಬ ಚಾವಿಯನ್ನು ಮತ್ತೊಬ್ಬರ ಕೈಗೆ ಕೊಡುವವನಲ್ಲ. ತಟ್ಟೆಯನ್ನು ಪಕ್ಕದ ಸೀಟಿನ ಮೇಲಿಟ್ಟು, ತಾನೇ ಮುಂದೆ ಕೂತು, ಅರ್ಧ ತಿರುವಿದ. ಕೆಂಪವ್ವ ಗಾಜು ಏರಿಸಿದಳು. ಒಬ್ಬಳೇ ಕೇಳಬೇಕೆಂದುಕೊಂಡಿದ್ದಳು, ಆದರೆ ಇವನನ್ನು ಇಳಿಸಲು ಈಗ ಹೊತ್ತಿರಲಿಲ್ಲ. ನಾಲ್ಕು ದಿನ ಇಡೀ ತಾಲೂಕಿಗೆ ಬುದ್ಧಿ ಹೇಳಿಕೊಂಡು ಬಂದ ಹೆಂಗಸಿಗೆ ಈಗ ಖರೆಯೆಂದರೆ ಖರೆ ಭಯವಾಯಿತು.

ರೇಡಿಯೋದ ಹೆಣ್ಣುಮಗಳು ಅಥಣಿ ತಾಲೂಕಿನ ಅನಂತಪುರದ ಲಕ್ಕವ್ವ ಎಂದು ಹೆಸರು ಹೇಳಿದಳು. ಕಡೆಗೆ ಒಂದು ಮಾತು ಸೇರಿಸಿದಳು: "ಹಾಡಿನ ನಡುನಡುವೆ ಬರುವ ಬಿಡುವನ್ನು ಹಾಡಿದವರ ಕೋರಿಕೆಯ ಮೇ​ರೆಗೆ ಹಾಗೆಯೇ ಉಳಿಸಿದ್ದೇವೆ."

ಮೊದಲು ಕಲ್ಲಿನ ಸದ್ದು ಬಂತು. ಗರಗರ, ಗರಗರ. ಕೆಂಪವ್ವ ಬೆನ್ನು ನೆಟ್ಟಗೆ ಮಾಡಿದಳು. ಅದು ತವರಿನ ಕಲ್ಲು! ಒಂದು ಕಡೆ ಅಂಚು ಮುಕ್ಕಾಗಿ, ಪ್ರತಿ ಸುತ್ತಿಗೊಮ್ಮೆ ಸಣ್ಣಗೆ ಕುಂಟುವ ಅವ್ವನ ಕಲ್ಲು. ಅದರ ಮೇಲೆ ಲಕ್ಕವ್ವನ ದನಿ ಎದ್ದಿತು.

ಕರಿಯ ಕಂಬಳಿ ಹಾಸಿ ಕಲ್ಲ ನಡುವಿಟ್ಟೇವ
ಮೊರ ತುಂಬ ಬಿಳಿಜ್ವಾಳ ತಂದೇವ

ಅಷ್ಟೇ. ಮುಂದಿನ ಸಾಲು ಬರಲಿಲ್ಲ. ಬರೀ ಕಲ್ಲು ತಿರುಗಿತು, ಒಂದು ಪೂರ್ತಿ ಸುತ್ತು, ಎರಡನೆಯ ಸುತ್ತು.

"ಮರತಳೇನು?" ಎಂದ ಅಣ್ಣಾಸಾಬ.

ಮರೆತದ್ದಲ್ಲವೆಂದು ಕೆಂಪವ್ವನಿಗೆ ತಿಳಿದಿತ್ತು. ಅವರ ತವರಿನಲ್ಲಿ ಕಲ್ಲಿಗೆ ಇಬ್ಬರು ಕೂಡುತ್ತಿದ್ದರು. ಎರಡು ಸಾಲು ಎತ್ತುವವಳು ಒಬ್ಬಳು, ಮೂರನೆಯದನ್ನು ಮುಗಿಸುವವಳು ಎದುರಿನವಳು. ಒಬ್ಬಳೇ ಮೂರೂ ಹಾಡಬಾರದು, ಹಾಡಿದರೆ ಎದುರಿನವಳು ಇಲ್ಲವೆಂದು ಒಪ್ಪಿಕೊಂಡಂತೆ. ಲಕ್ಕವ್ವ ಯಾವಾಗಲೂ ಎತ್ತುವವಳು. ಮೂರನೆಯ ಸಾಲು ಕೆಂಪವ್ವನದು. ಧಾರವಾಡದ ಮಂದಿಯ ಮುಂದೆ, ಅವರ ಯಂತ್ರದ ಮುಂದೆ, ತಂಗಿ ಅಕ್ಕನ ಸಾಲನ್ನು ಖಾಲಿ ಬಿಟ್ಟು ಕಲ್ಲು ತಿರುವುತ್ತ ಕಾದಿದ್ದಳು. ಆ ಕರಕರ ಇದ್ದಿದ್ದರೆ ಈ ಖಾಲಿ ಜಾಗ ಕೇಳುತ್ತಿರಲೇ ಇಲ್ಲ, ಅರಳಿನಲ್ಲಿ ತುಂಬಿಹೋಗುತ್ತಿತ್ತು. ಮೂರು ವರ್ಷದ ಹಿಂದೆ ಅಂಗಳದಲ್ಲಿ "ಅಕ್ಕಾ" ಎಂದು ಕರೆದು ಕಾದಂತೆಯೇ ಕಾದಿದ್ದಳು.

ಕೆಂಪವ್ವ ಹಾಡಿದಳು. ದನಿ ಮೊದಲು ಒಡೆಯಿತು, ಆಮೇಲೆ ಕೂಡಿಕೊಂಡಿತು.

ನಾವಿಬ್ರು
ಬೆರಳ ಹೆಣದೇವ ಗೂಟಕ್ಕ

ಸಾಲು ಮುಗಿಯುವುದಕ್ಕೂ ರೇಡಿಯೋದಲ್ಲಿ ಲಕ್ಕವ್ವ ಮುಂದಿನದನ್ನು ಎತ್ತುವುದಕ್ಕೂ ಸರಿಹೋಯಿತು, ಎದುರಿಗೇ ಕೂತಿದ್ದಾಳೆ ಎನ್ನುವ ಹಾಗೆ. ಹಳೆಯ ಪದಗಳು ಒಂದರ ಹಿಂದೊಂದು ಬಂದವು, ಪ್ರತಿಯೊಂದಕ್ಕೂ ಕೆಂಪವ್ವ ತನ್ನ ಸಾಲು ಕೊಟ್ಟಳು. ಅಣ್ಣಾಸಾಬ ತಿರುಗಿ ನೋಡಲು ಹೋಗಿ, ನೋಡದೆ, ಸ್ಟೇರಿಂಗ್ ಹಿಡಿದು ಕೂತ. ಆಮೇಲೆ ಬಂದದ್ದು ಅವ್ವ ಕಲಿಸಿದ ಪದವಲ್ಲ, ಲಕ್ಕವ್ವನೇ ಕಟ್ಟಿದ್ದು.

ಕೊಂಡವಾಡದ ಕದಾ ತೆರದಾರ, ಕುರಿ ಬಂದಾವ
ಕಂಡೀಲ್ಲ ಅಕ್ಕನ ಮಾರಿಯ

ಕಲ್ಲು ತಿರುಗಿತು. ಗರಗರ, ಕುಂಟು, ಗರಗರ, ಕುಂಟು. ಸ್ಟೇರಿಂಗಿನ ಮೇಲೆ ಅಣ್ಣಾಸಾಬನ ತಲೆ ನಿಧಾನವಾಗಿ ತಗ್ಗಿತು. ಈ ಪದಕ್ಕೆ ಮೂರನೆಯ ಸಾಲನ್ನು ಯಾರೂ ಕಲಿಸಿರಲಿಲ್ಲ. ಕೆಂಪವ್ವನೇ ಕಟ್ಟಬೇಕಿತ್ತು, ಕಲ್ಲು ಸುತ್ತು ಮುಗಿಸುವುದರೊಳಗೆ. ಅವಳು ಕಣ್ಣು ಮುಚ್ಚಲಿಲ್ಲ. ಗಂಡನ ಬಗ್ಗಿದ ತಲೆಯನ್ನೇ ನೋಡುತ್ತ, ಗಟ್ಟಿಯಾಗಿ ಹಾಡಿದಳು.

ತಂಗೆವ್ವ
ಬಂಡಿ ಹೂಡಿಸಿ ನಾ ಬಂದೇನ

ಕೆಂಪವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಬೇಡಿಕೊಳ್ಳಲಿಲ್ಲ, ಕಾರಣ ಹೇಳಲಿಲ್ಲ. ಹೇಳುವುದನ್ನು ಹಾಡಿನಲ್ಲಿ ಹೇಳಿಯಾಗಿತ್ತು. ಅಣ್ಣಾಸಾಬ ಪಕ್ಕದ ಸೀಟಿನ ತಟ್ಟೆಯನ್ನು ನೋಡಿದ. ಕಾಯಿ ಇನ್ನೂ ಇಡಿಯಾಗಿಯೇ ಇತ್ತು. ಹುಟ್ಟಿದಂದಿನಿಂದ ಅವನು ಅಮಾವಾಸ್ಯೆಯ ದಿನ ಏನನ್ನೂ ಹೂಡಿರಲಿಲ್ಲ, ಅವನ ಅಪ್ಪನೂ ಹೂಡಿರಲಿಲ್ಲ.

"ಈ ಕಾಯಿ?" ಎಂದು ಕೇಳಿದ.

"ಲಕ್ಕವ್ವನ ಹೊಸ್ತಲದಾಗ ಒಡೀರಿ."

ಅಣ್ಣಾಸಾಬ ಚಾವಿಯನ್ನು ಪೂರ್ತಿ ತಿರುವಿದ. ಎಂಜಿನ್ ಎದ್ದಿತು. ಅಂಗಳದಲ್ಲಿದ್ದ ಭರಮು ಅಮಾವಾಸ್ಯೆಯ ದಿನ ಕದಲಿದ ಕಾರನ್ನು ನೋಡಿ ಬಾಯಿ ತೆರೆದುಕೊಂಡೇ ಗೇಟು ತೆಗೆದ. ಕಾರು ಅನಂತಪುರದ ದಾರಿ ಹಿಡಿಯಿತು. ರೇಡಿಯೋದಲ್ಲಿ ಲಕ್ಕವ್ವ ಇನ್ನೊಂದು ಪದ ಎತ್ತಿದ್ದಳು, ಹಿಂದಿನ ಸೀಟಿನಲ್ಲಿ ಅವಳ ಅಕ್ಕ ತನ್ನ ಸಾಲಿಗಾಗಿ ಕಾಯುತ್ತಿದ್ದಳು.